ಬಲ್ಮಠದಿಂದ ಸುಮನಹಳ್ಳಿಗೆ ಆರು ದಿನ

ಕರ್ನಾಟಕದ ಕ್ರೈಸ್ತ ಸಭೆಗಳು ಚರ್ಚಿನ ಗೋಡೆ ದಾಟಿ ಏನು ಮಾಡಿದವು, ಅದರಲ್ಲಿ ಯಾವುದು ಉಳಿಯಿತು, ಯಾವುದು ಕೆಟ್ಟಿತು ಎಂದು ಕಣ್ಣಾರೆ ನೋಡಬೇಕೆನ್ನುವವರಿಗೆ ಈ ದಾರಿ. ಮಂಗಳೂರಿನಲ್ಲಿ ಶುರು, ಉಡುಪಿ, ಘಟ್ಟ ಹತ್ತಿ ಧಾರವಾಡ, ಗದಗ-ಬೆಟಗೇರಿ, ಕೊನೆಗೆ ಬೆಂಗಳೂರು. ನವೆಂಬರಿನಿಂದ ಫೆಬ್ರವರಿಯೊಳಗೆ ಹೊರಡುವುದು ಒಳ್ಳೆಯದು. ಎಂಟು ಜನಕ್ಕಿಂತ ಹೆಚ್ಚು ಬೇಡ. ಹತ್ತು ಮಂದಿ ಒಟ್ಟಿಗೆ ನುಗ್ಗಿದರೆ ಯಾವ ವಾರ್ಡಿನಲ್ಲೂ, ಯಾವ ಬಡವರ ಮನೆಯಲ್ಲೂ ನಿಲ್ಲಲು ಜಾಗವಿರುವುದಿಲ್ಲ. ಬ್ಯಾನರ್ ಬೇಡ, ಒಂದೇ ಬಣ್ಣದ ಟೀ ಶರ್ಟೂ ಬೇಡ. ಒಂದು ನೋಟುಬುಕ್ಕು ಸಾಕು.

ಓದಲಿಕ್ಕೂ ಒಂದೇ ಭಾಗ ಸಾಕು: ಲೂಕ 10ರಲ್ಲಿ ಬರುವ ಸಮಾರ್ಯದವನ ಕಥೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ತಾನು ಕೂತು ಬಂದ ಪ್ರಾಣಿಯ ಮೇಲೆ ಅವನನ್ನು ಕೂರಿಸಿದ, ಛತ್ರಕ್ಕೆ ಒಯ್ದ, ಮರುದಿನ ಛತ್ರದವನ ಕೈಗೆ ಎರಡು ನಾಣ್ಯ ಇಟ್ಟ. ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತವೆ. ಆದರೆ ಅವನು ಇನ್ನೊಂದು ಮಾತೂ ಹೇಳಿದ್ದಾನೆ: ಇದಕ್ಕಿಂತ ಹೆಚ್ಚು ಖರ್ಚಾದರೆ ನಾನು ತಿರುಗಿ ಬಂದಾಗ ಕೊಡುತ್ತೇನೆ. ಆ ‘ತಿರುಗಿ ಬಂದಾಗ’ ಎಂಬ ಮಾತನ್ನು ಹಿಡಿದುಕೊಂಡೇ ಈ ಆರು ದಿನ ನಡೆಯಬೇಕು.

ಮೊದಲ ದಿನ: ಬಲ್ಮಠ

ಮಂಗಳೂರು ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದು ಹಂಪನಕಟ್ಟೆಗೆ ಬಂದರೆ ಬಲ್ಮಠದ ಏರು ದೂರವಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಮೂವರು, ಹೆಬಿಕ್, ಲೇನರ್, ಗ್ರೈನರ್, 1834ರ ಅಕ್ಟೋಬರ್ ಕೊನೆಯಲ್ಲಿ ಮಂಗಳೂರಿಗೆ ಬಂದರು. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ಬದಲಾದ ಮೇಲೇ ಬ್ರಿಟಿಷರಲ್ಲದ ಮಿಶನ್‌ಗಳಿಗೆ ಇಲ್ಲಿ ನೆಲೆ ಊರಲು ದಾರಿ ಆದದ್ದು. ಎರಡು ವರ್ಷದೊಳಗೆ ಕನ್ನಡ ಶಾಲೆ ಬಂತು, 1841ರಲ್ಲಿ ಕಲ್ಲಚ್ಚಿನ ಪ್ರೆಸ್ಸು ಬಂತು, 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಜುಲೈ 1 ನಮ್ಮಲ್ಲಿ ಪತ್ರಿಕಾ ದಿನವಾಗಿರುವುದೂ ಅದರಿಂದಲೇ.

ಪತ್ರಿಕೆಗೂ ಸೇವೆಗೂ ಏನು ಸಂಬಂಧ ಎಂದು ಕೇಳುವವರು ಅದರಲ್ಲಿ ಏನಿತ್ತು ಎಂದು ನೋಡಬೇಕು. ಊರ ವರ್ತಮಾನ, ಸರ್ಕಾರದ ನಿರೂಪಗಳು, ಪರದೇಶದ ಸುದ್ದಿ, ಹಾಡು, ಕಥೆ. ಕಚೇರಿಯಲ್ಲಿ ಹೊರಟ ಹೊಸ ಆಜ್ಞೆ ಏನೆಂದು ಓದಬಲ್ಲ ಕನ್ನಡಿಗನಿಗೆ ಕನ್ನಡದಲ್ಲೇ ಗೊತ್ತಾಗಬೇಕೆಂಬುದು ಸಣ್ಣ ಉಪಕಾರವಲ್ಲ.

ಅಚ್ಚಿನ ಮೊಳೆಗಳನ್ನು ಬಿಟ್ಟು ಕಲ್ಲಚ್ಚನ್ನೇ ಏಕೆ ಹಿಡಿದರು ಎನ್ನುವುದನ್ನೂ ಇಲ್ಲಿ ತಿಳಿದುಕೊಳ್ಳಬೇಕು. ಕನ್ನಡಕ್ಕೆ ಮೊಳೆ ಕೊರೆಸುವುದೆಂದರೆ ಗುಣಿತಾಕ್ಷರ, ಒತ್ತಕ್ಷರ ಸೇರಿ ನೂರಾರು ತುಂಡು. ಕಲ್ಲಚ್ಚಿಗೆ ಅದು ಬೇಡ. ಜಿಡ್ಡಿನ ಮಸಿಯಲ್ಲಿ ವಿಶೇಷ ಕಾಗದದ ಮೇಲೆ ಕೈಯಲ್ಲೇ ಬರೆದು, ನಯವಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಮಗುಚಿ ಒತ್ತಿದರೆ ಬರಹ ತಿರುವುಮುರುವಾಗಿ ಕಲ್ಲಿಗೆ ಇಳಿಯುತ್ತದೆ. ಮೇಲೆ ಗೋಂದು, ತೆಳು ಆಮ್ಲ ಹಚ್ಚಿ, ಕಲ್ಲನ್ನು ಒದ್ದೆ ಮಾಡಿ, ಮಸಿಯ ಉರುಳೆ ಹೊರಳಿಸಬೇಕು. ಬರಿ ಕಲ್ಲು ನೀರು ಹಿಡಿದುಕೊಂಡು ಮಸಿಯನ್ನು ದೂಡುತ್ತದೆ, ಜಿಡ್ಡಿನ ಅಕ್ಷರ ಮಾತ್ರ ಮಸಿ ಹಿಡಿಯುತ್ತದೆ. ಕಲ್ಲು ಒಣಗಿತೋ, ಪುಟವೆಲ್ಲ ಕಪ್ಪು. ನೀರು ಹೆಚ್ಚಾಯಿತೋ, ಅಕ್ಷರ ಮಸುಕು. ಪ್ರತಿ ಹಾಳೆಗೂ ಕಲ್ಲನ್ನು ಮತ್ತೆ ಒದ್ದೆ ಮಾಡಲೇಬೇಕು. ಸುವಾರ್ತೆ ಸಾರಲು ಹಡಗು ಹತ್ತಿದವರು ಈ ಕಸುಬನ್ನೂ ಕಲಿತು ಊರವರಿಗೂ ಕಲಿಸಿದರು ಎಂಬುದನ್ನು ಮರೆಯಬಾರದು.

ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಹಳೆಯ ಕಡತ, ಪುಸ್ತಕಗಳ ಸಂಗ್ರಹವಿದೆ. ನೋಡಬೇಕಾದರೆ ಮೊದಲೇ ಪತ್ರ ಬರೆದು, ಏನು ನೋಡಬೇಕೆಂದು ನಿರ್ದಿಷ್ಟವಾಗಿ ಹೇಳಿ ಅನುಮತಿ ಪಡೆಯಿರಿ. ಏಕಾಏಕಿ ಹೋಗಿ ಹಳೆಯ ಪುಟಗಳನ್ನು ಫೋನಿನ ಫ್ಲ್ಯಾಶ್ ಹಾಕಿ ಫೋಟೊ ತೆಗೆಯುವುದು ಮಾತ್ರ ಬೇಡ.

ಎರಡನೆಯ ದಿನ: ಜೆಪ್ಪು, ಕಂಕನಾಡಿ

ಬೆಳಗ್ಗೆ ಜೆಪ್ಪು. ನೇತ್ರಾವತಿಯ ದಂಡೆಗೆ ಹತ್ತಿರದ ಈ ಕಡೆಯಲ್ಲೇ 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ತೆರೆದರು. ‘ಮಂಗಳೂರು ಹಂಚು’ ಎಂಬ ಹೆಸರು ಹುಟ್ಟಿದ್ದು ಹೀಗೆ.

ಕಾರ್ಖಾನೆ ಬಂದದ್ದಕ್ಕೆ ಕಾರಣ ಹೊಟ್ಟೆಪಾಡು. ದೀಕ್ಷಾಸ್ನಾನ ಪಡೆದವರಿಗೆ ಜಾತಿಯೂ ಹೋಯಿತು, ಅದರ ಜೊತೆ ಮನೆಯೂ, ಒಕ್ಕಲುತನವೂ ಹೋಯಿತು. ಕರಾವಳಿಯಲ್ಲಿ ಸಭೆಗೆ ಸೇರಿದವರಲ್ಲಿ ಶೇಂದಿ ಇಳಿಸುವ ಕಸುಬಿನವರು ಬಹಳ. ಮಿಶನ್ ಮದ್ಯಕ್ಕೆ ವಿರುದ್ಧ, ಹಾಗಾಗಿ ಆ ಕಸುಬೂ ಹೋಯಿತು. ಭಾನುವಾರ ಬೆಂಚಿನ ಮೇಲೆ ಕೂರಿಸಿ ಸೋಮವಾರ ಬೆಳಗ್ಗೆ ನಿನ್ನ ದಾರಿ ನಿನಗೆ ಎನ್ನಲಾದೀತೆ? ನೇಯ್ಗೆ, ಪುಸ್ತಕ ಕಟ್ಟುವುದು, ಹಂಚು, ಒಂದೊಂದನ್ನೂ ಪ್ರಯತ್ನಿಸಿದರು. ಹಂಚು ಕೈ ಹಿಡಿಯಿತು.

ಕೆಟ್ಟದ್ದೂ ಇಲ್ಲೇ. ಕೆಲಸ ಕೊಡುವ ಧಣಿ, ಮನೆ ಕೊಡುವ ಧಣಿ, ಪ್ರಸಂಗ ಹೇಳುವ ಗುರು, ತಪ್ಪು ಮಾಡಿದರೆ ಸಭೆಯಿಂದ ಹೊರಗಿಡುವವರು, ಎಲ್ಲವೂ ಒಂದೇ ಮಿಶನ್. ಅಲ್ಲಿ ಕೂಲಿ ಸಾಲದು ಎಂದು ಬಾಯಿಬಿಡುವುದು ಸುಲಭವಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ನಂಟಿನ ಮಿಶನ್ನಿನ ಆಸ್ತಿ ಬ್ರಿಟಿಷ್ ಸರ್ಕಾರದ ವಶವಾಗಿ, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಆಸ್ತಿ ಕೈತಪ್ಪಿತು, ಕಸುಬು ಮಾತ್ರ ಊರಿನಲ್ಲೇ ನಿಂತಿತು. ಅಷ್ಟರೊಳಗೆ ಬೇರೆಯವರೂ ನದಿ ದಂಡೆಯುದ್ದಕ್ಕೂ ಹಂಚಿನ ಕಾರ್ಖಾನೆ ಹಾಕಿ ಆಗಿತ್ತು. ಈಗ ಅವುಗಳಲ್ಲಿ ಬಹುಪಾಲು ಮುಚ್ಚಿವೆ. ಆವೆಮಣ್ಣು ಸಿಗುವುದು ಕಷ್ಟ, ಎಲ್ಲ ಕಡೆ ಕಾಂಕ್ರೀಟಿನ ತಾರಸಿ.

ಹಂಚಿನ ಕೆಲಸದಿಂದ ಇವತ್ತಿನ ಸಭೆಗೂ ಒಂದು ಸೇವೆ ಸಿಗುತ್ತದೆ. ಮಳೆಗಾಲಕ್ಕೆ ಮುಂಚೆ, ಏಪ್ರಿಲ್-ಮೇ ತಿಂಗಳಲ್ಲಿ, ಒಂಟಿ ಮುದುಕರ, ವಿಧವೆಯರ ಮನೆಯ ಮಾಡು, ಅಂದರೆ ಹಂಚಿನ ಛಾವಣಿ, ಸರಿಮಾಡಿಕೊಡುವುದು. ಲೆಕ್ಕ ಹೀಗೆ: 100 ಚದರಡಿ ಮಾಡಿಗೆ ಸುಮಾರು 150 ಹಂಚು. 500 ಚದರಡಿಯಾದರೆ 750, ಒಡೆಯುವುದಕ್ಕೆಂದು ಇನ್ನೂ 40 ಸೇರಿಸಿ. ಒಂದು ಹಂಚು ಎರಡರಿಂದ ಮೂರು ಕಿಲೊ ತೂಗುತ್ತದೆ, ಅಂದರೆ ಆ ಮಾಡಿನ ಮೇಲೆ ಎರಡು ಟನ್ನಿನ ಹತ್ತಿರ ಭಾರ. ಆದ್ದರಿಂದ ಮೊದಲು ನೋಡಬೇಕಾದ್ದು ಹಂಚನ್ನಲ್ಲ, ಕೆಳಗಿನ ಪಕ್ಕಾಸು (ಇಳಿಜಾರಿನ ಮರದ ತೊಲೆ), ರೀಪು (ಹಂಚು ಕೂರುವ ಅಡ್ಡಪಟ್ಟಿ)ಗಳನ್ನು. ಗೆದ್ದಲು ಹಿಡಿದ ರೀಪನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿದರೆ ಸಲೀಸಾಗಿ ಒಳಗೆ ಇಳಿಯುತ್ತದೆ. ಅದನ್ನು ಬದಲಿಸದೆ ಹೊಸ ಹಂಚು ಹೊದೆಸಿದರೆ ಜೂನ್ ತಿಂಗಳಲ್ಲಿ ಮಾಡೇ ಬಗ್ಗುತ್ತದೆ.

ಹಂಚನ್ನು ಬೆರಳಿನ ಗೆಣ್ಣಿನಿಂದ ತಟ್ಟಿ. ಠಣ್ ಎಂದರೆ ಗಟ್ಟಿ. ಬೊದ್ದು ಸದ್ದು ಬಂದರೆ ಸೀಳು ಬಿಟ್ಟಿದೆ, ಇಲ್ಲವೆ ಸರಿಯಾಗಿ ಬೆಂದಿಲ್ಲ. ಹೊದೆಸುವುದು ಸೂರಿನ ಅಂಚಿನಿಂದ ಮೇಲಕ್ಕೆ. ಕಡಲ ಗಾಳಿ ಹೊಡೆಯುವ ಕಡೆ ಕೆಳಗಿನ ಎರಡು ಸಾಲನ್ನು ತಂತಿಯಿಂದ ರೀಪಿಗೆ ಕಟ್ಟಬೇಕು. ಕಾಲಿಡುವುದಾದರೆ ರೀಪು ಇರುವ ಕಡೆ ಮಾತ್ರ, ಹಂಚಿನ ನಡುವೆ ಇಟ್ಟರೆ ಒಡೆಯುತ್ತದೆ. ದಾನಿಗಳ ತಂಡ ಎಡವುವುದು ಹೆಚ್ಚಾಗಿ ಇಲ್ಲಿ: ಯಾರೋ ಕೊಟ್ಟ ಬೇರೆ ಕಾರ್ಖಾನೆಯ ಹಂಚು ತಂದು ಹಳೆಯದರ ನಡುವೆ ಸೇರಿಸುತ್ತಾರೆ. ನೋಡಲು ಒಂದೇ ಥರ, ಆದರೆ ಒಂದಕ್ಕೊಂದು ಕೂರುವ ಕಚ್ಚಿನ ಅಳತೆ ಕೂದಲೆಳೆಯಷ್ಟು ಬೇರೆ. ನೀರು ಅಲ್ಲೇ ಒಳಗಿಳಿಯುತ್ತದೆ. ಹಂಚಿನ ಬೆನ್ನ ಮೇಲಿನ ಮುದ್ರೆ ನೋಡಿ, ಒಂದೇ ಮುದ್ರೆಯದನ್ನು ಒಂದೇ ಇಳಿಜಾರಿಗೆ ಹಾಕಿ. ಮೊದಲ ಜೋರು ಮಳೆಯ ಮರುದಿನ ಅದೇ ಮನೆಗೆ ಹೋಗಿ ಮಾಡಿನ ನೆತ್ತಿಯ ಗಾರೆ ಬಿರುಕು ಬಿಟ್ಟಿದೆಯೇ, ಎಲ್ಲಿ ಸೋರುತ್ತಿದೆ ಎಂದು ಮನೆಯವರನ್ನು ಕೇಳಿ. ಆ ದಿನ ಹೋಗಲಾಗದಿದ್ದರೆ ಕೆಲಸ ಅರ್ಧಕ್ಕೆ ನಿಂತಿದೆ ಎಂದೇ ಲೆಕ್ಕ.

ಮಧ್ಯಾಹ್ನ ಕಂಕನಾಡಿ. ಜರ್ಮನ್ ಮೂಲದ ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧಾಲಯ ತೆರೆದರು, ಹತ್ತು ವರ್ಷದ ಮೇಲೆ ಕುಷ್ಠರೋಗಿಗಳಿಗೆ ಆಶ್ರಯ ಮಾಡಿದರು. ಈಗ ಅದೇ ದೊಡ್ಡ ಆಸ್ಪತ್ರೆ, ಮೆಡಿಕಲ್ ಕಾಲೇಜು. ಹೊರರೋಗಿಗಳ ಸಾಲು ನೋಡಿದರೆ ಸಾಕು, ಒಳಗೆ ಹೋಗಿ ಜನಸಂದಣಿ ಹೆಚ್ಚಿಸುವುದು ಬೇಡ.

ಮೂರನೆಯ ದಿನ: ಉಡುಪಿ

ಮಂಗಳೂರಿನಿಂದ ಉಡುಪಿಗೆ ಹೆದ್ದಾರಿಯಲ್ಲಿ 60 ಕಿಲೋಮೀಟರಿನಷ್ಟು. ಸ್ವಿಟ್ಜರ್ಲೆಂಡಿನ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ಇಲ್ಲಿ ಆಸ್ಪತ್ರೆ ಆರಂಭಿಸಿದರು. ಈಗಿನ ಹೆಸರು ಲೊಂಬಾರ್ಡ್ ಮೆಮೋರಿಯಲ್, ಊರವರ ಬಾಯಲ್ಲಿ ಮಿಶನ್ ಆಸ್ಪತ್ರೆ. ಗಂಡಸು ಡಾಕ್ಟರ ಮುಂದೆ ಹೆಂಗಸರು ಬಾಯಿಬಿಡದ ಕಾಲದಲ್ಲಿ ಹೆಂಗಸೊಬ್ಬರು ಡಾಕ್ಟರಾಗಿ ಬಂದದ್ದು ಎಷ್ಟು ಬಾಣಂತಿಯರ ಜೀವಕ್ಕೆ ಆಸರೆಯಾಗಿರಬೇಕು!

ಆಸ್ಪತ್ರೆ ನೋಡಿದ ಮೇಲೆ ಉಳಿದ ಹೊತ್ತನ್ನು ಮನೆಯಲ್ಲಿ ಮಲಗಿರುವವರ ಆರೈಕೆ ಕಲಿಯಲು ಇಟ್ಟುಕೊಳ್ಳಿ. ಪಾರ್ಶ್ವವಾಯು, ಕ್ಯಾನ್ಸರ್, ಸೊಂಟ ಮುರಿದ ಅಜ್ಜಿ: ಪ್ರತಿ ಸಭೆಯ ಎರಡು ಕಿಲೋಮೀಟರ್ ಸುತ್ತಿನಲ್ಲಿ ಇಂಥವರು ಸಿಕ್ಕೇ ಸಿಗುತ್ತಾರೆ, ಎಲ್ಲ ಧರ್ಮದ ಮನೆಗಳಲ್ಲಿ. ಭೇಟಿಗೆ ಇಬ್ಬರು ಸಾಕು, ಅವರಲ್ಲಿ ಒಬ್ಬರು ತರಬೇತಾದ ನರ್ಸ್ ಆಗಿದ್ದರೆ ಮೇಲು. ಚೀಲದಲ್ಲಿ ಬಿಪಿ ಯಂತ್ರ, ಕೈಗವಸು, ಗಾಜ್, ಪೇಪರ್ ಟೇಪು, ಕತ್ತರಿ, ಸಾಬೂನು, ಟವೆಲ್ಲು, ಒಂದು ರಿಜಿಸ್ಟರು.

ಮೊದಲು ಹಾಸಿಗೆ ಹುಣ್ಣು. ಒಂದೇ ಮಗ್ಗುಲಿಗೆ ಮಲಗಿದಲ್ಲಿ ಎಲುಬು ಮತ್ತು ಹಾಸಿಗೆಯ ನಡುವೆ ಚರ್ಮ ಸಿಕ್ಕಿ ರಕ್ತ ಓಡುವುದಿಲ್ಲ. ಬೆನ್ನಿನ ಕೆಳಗಿನ ತ್ರಿಕಾಸ್ಥಿ, ಹಿಮ್ಮಡಿ, ಸೊಂಟದ ಬದಿ, ಇವೇ ಜಾಗ. ಕೆಂಪಾದ ಕಡೆ ಬೆರಳಿಂದ ಒತ್ತಿ ಬಿಡಿ. ಒಂದು ಕ್ಷಣ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಇನ್ನೂ ಕಾಲ ಮಿಂಚಿಲ್ಲ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣು ಆಗಲೇ ಶುರುವಾಗಿದೆ. ಕಪ್ಪು ಚರ್ಮದವರಲ್ಲಿ ಕೆಂಪು ಕಾಣಿಸುವುದಿಲ್ಲ. ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಹಿಂಗೈಯಿಂದ ಮುಟ್ಟಿ ನೋಡಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಬದಿಗೆ ಹೊರಳಿಸದೆ, ಬೆನ್ನ ಹಿಂದೆ ದಿಂಬು ಕೊಟ್ಟು ಅರೆವಾರೆ ಮಾಡಿದರೆ ಸಾಕು. ದಿಂಬನ್ನು ಮೀನಖಂಡದ ಕೆಳಗಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿ.

ಪ್ರೀತಿಯಿಂದಲೇ ಮಾಡುವ ತಪ್ಪು ಎರಡು. ಕೆಂಪಾದ ಎಲುಬಿನ ಮೇಲೆ ಎಣ್ಣೆ ಹಾಕಿ ಬಲವಾಗಿ ತಿಕ್ಕುವುದು ಒಂದು: ಒಳಗೆ ಆಗಲೇ ನಲುಗಿದ ಚರ್ಮ ಇನ್ನಷ್ಟು ಹರಿಯುತ್ತದೆ. ಗಾಳಿ ತುಂಬಿದ ಬಳೆಯಂಥ ಕುಶನ್ ಮೇಲೆ ಕೂರಿಸುವುದು ಇನ್ನೊಂದು: ಬಳೆ ಒತ್ತುವ ಸುತ್ತಿನಲ್ಲಿ ರಕ್ತ ನಿಂತು ನಡುವಿನ ಚರ್ಮಕ್ಕೇ ಕೇಡು. ಗಾಳಿ ಹಾಸಿಗೆ ಇದ್ದರೆ ಅದರ ಮೇಲೆ ಮೂರು ಬೆಡ್‌ಶೀಟು, ಪ್ಲಾಸ್ಟಿಕ್ ಹಾಸಬೇಡಿ, ಒಂದು ತೆಳು ಹತ್ತಿ ಬಟ್ಟೆ ಸಾಕು. ರೋಗಿಯ ಸೊಂಟದ ನೇರಕ್ಕೆ ಹಾಸಿಗೆಯ ಕೆಳಗೆ ಅಂಗೈ ಮೇಲಾಗಿ ಕೈಯಿಟ್ಟು ನೋಡಿ. ಎಲುಬು ಕೈಗೆ ತಾಗಿದರೆ ಗಾಳಿ ಸಾಲದು. ಕರೆಂಟು ಹೋದಾಗ ಪಂಪು ನಿಲ್ಲುತ್ತದೆ, ಆಗ ಹೊರಳಿಸಲು ಮನೆಯವರಿಗೆ ಹೇಳಿಕೊಟ್ಟಿರಬೇಕು.

ಗಾಯ ತೊಳೆಯಲು ಉಪ್ಪುನೀರನ್ನು ಮನೆಯಲ್ಲೇ ಮಾಡಬಹುದು: ಅರ್ಧ ಲೀಟರ್ ನೀರಿಗೆ ಮಟ್ಟಸವಾದ ಒಂದು ಟೀ ಚಮಚ ಉಪ್ಪು, ಹತ್ತು ನಿಮಿಷ ಕುದಿಸಿ ಮುಚ್ಚಿಟ್ಟು ಆರಿಸಿ, ಆ ದಿನವೇ ಬಳಸಿ. ನೋವಿನ ಮಾತ್ರೆಯ ವಿಷಯ ಡಾಕ್ಟರದು. ಆದರೆ ಭೇಟಿಗೆ ಹೋದವರು ವಿಚಾರಿಸಬೇಕಾದ್ದು ಒಂದಿದೆ: ಬಾಯಿಂದ ಕೊಡುವ ಮಾರ್ಫಿನ್ ನಾಲ್ಕು ಗಂಟೆಗೊಮ್ಮೆ ಎಂದು ಬರೆದಿದ್ದರೆ ನಾಲ್ಕು ಗಂಟೆಗೊಮ್ಮೆಯೇ ಕೊಡುತ್ತಿದ್ದಾರೆಯೇ? ‘ತಡೆಯಲಾಗದಷ್ಟು ನೋವು ಬಂದಾಗ ಮಾತ್ರ’ ಎಂದು ಮನೆಯವರು ಕಾಯುತ್ತಾರೆ, ನೋವು ಮುಂದೆ ಹೋಗಿರುತ್ತದೆ, ಔಷಧಿ ಹಿಂದೆ ಓಡುತ್ತಿರುತ್ತದೆ. ಮಾರ್ಫಿನ್ ಜೊತೆಗೇ ಮಲ ಸಡಿಲವಾಗಲು ಕೊಟ್ಟ ಔಷಧಿ ನಿಂತಿಲ್ಲ ತಾನೆ ಎಂಬುದನ್ನೂ ಕೇಳಿ. ಅದು ನಿಂತರೆ ಎಷ್ಟೋ ಜನ ಮಾರ್ಫಿನ್ನನ್ನೇ ಬಿಟ್ಟುಬಿಡುತ್ತಾರೆ.

ರೋಗಿಗಿಂತ ಬಳಲಿದವರು ಆ ಮನೆಯಲ್ಲಿ ಇನ್ನೊಬ್ಬರಿರುತ್ತಾರೆ. ಹೆಚ್ಚಾಗಿ ಸೊಸೆ, ಇಲ್ಲವೆ ಮದುವೆಯಾಗದೆ ಉಳಿದ ಮಗಳು. ‘ಅಕ್ಕಾ, ಎರಡು ಗಂಟೆ ನೀವು ಮಲಗಿ, ಇಲ್ಲವಾದರೆ ಪೇಟೆಗೆ ಹೋಗಿ ಬನ್ನಿ, ಅಜ್ಜಿ ಹತ್ತಿರ ನಾವಿರುತ್ತೇವೆ’ ಎಂದು ಹೇಳಿ, ಹೇಳಿದಂತೆ ಕೂತರೆ ಅದಕ್ಕಿಂತ ದೊಡ್ಡ ಉಪಕಾರ ಆ ವಾರ ಅವರಿಗೆ ಮತ್ತೊಂದಿರಲಾರದು.

ಪ್ರಾರ್ಥನೆ? ಕ್ರೈಸ್ತರ ಮನೆಯಲ್ಲೂ ಕೇಳಿಯೇ ಮಾಡಬೇಕು. ಬೇರೆಯವರ ಮನೆಯಲ್ಲಿ ಅವರಾಗಿ ಬಯಸಿದರೆ ಮಾತ್ರ, ಚಿಕ್ಕದಾಗಿ. ಹಾಸಿಗೆ ಹಿಡಿದವರಿಗೆ ಎದ್ದು ಹೋಗುವ ಸ್ವಾತಂತ್ರ್ಯವಿಲ್ಲ. ಅಂಥವರ ದಿಂಬಿನ ಪಕ್ಕ ಕರಪತ್ರ ಇಟ್ಟು ಬರುವುದು ಅವರ ಅಸಹಾಯಕತೆಯನ್ನು ಬಳಸಿಕೊಂಡಂತೆ. ಎರಡು ಗಂಟೆಗೊಮ್ಮೆ ತಪ್ಪದೆ ಮಗ್ಗುಲು ಬದಲಿಸಿದ ಕೈ ಯಾರದೆಂದು ಆ ಮನೆಗೆ ಗೊತ್ತಿರುತ್ತದೆ.

ನಾಲ್ಕನೆಯ ದಿನ: ಘಟ್ಟದ ಮೇಲೆ

ಇದು ಪ್ರಯಾಣದ ದಿನ. ಕುಂದಾಪುರ, ಭಟ್ಕಳ, ಹೊನ್ನಾವರ, ಅಂಕೋಲಾ, ಅಲ್ಲಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿ. 300 ಕಿಲೋಮೀಟರಿನ ಆಸುಪಾಸು, ಊಟ ತಿಂಡಿ ಸೇರಿ ಇಡೀ ಹಗಲು.

ಸಂಜೆ ಧಾರವಾಡದಲ್ಲಿ ಫರ್ಡಿನೆಂಡ್ ಕಿಟ್ಟೆಲರನ್ನು ನೆನೆಯದೆ ಮುಂದೆ ಹೋಗುವುದು ಹೇಗೆ? 1853ರಲ್ಲಿ ಇಲ್ಲಿಗೆ ಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಮಿಶನ್ ಪ್ರೆಸ್ಸಿನಿಂದ ಹೊರಬಂತು, ಸುಮಾರು 70,000 ಶಬ್ದಗಳು. ಹಳಗನ್ನಡದ ಕಾವ್ಯ, ಗಾದೆ, ಜನರ ಆಡುಮಾತು ಎಲ್ಲವನ್ನೂ ಸೋಸಿ ಕೂಡಿಸಿದ್ದು. ಮಿಶನ್ ಮನೆಯಲ್ಲೇ ಕುಳಿತು ನಾಲ್ಕು ಪ್ರಾರ್ಥನೆಗಳನ್ನು ಅನುವಾದಿಸಿದ್ದರೂ ಅವರ ಕರ್ತವ್ಯ ಮುಗಿಯುತ್ತಿತ್ತು. ಹೊರಗೆ ಬಂದು ಜನರ ಮಾತಿಗೆ ಕಿವಿಗೊಟ್ಟದ್ದರಿಂದ ಇವತ್ತಿಗೂ ಯಾವ ಧರ್ಮದ ಕನ್ನಡ ವಿದ್ವಾಂಸರೂ ಆ ಪುಸ್ತಕ ತೆರೆಯದೆ ಇರಲಾರರು.

ಐದನೆಯ ದಿನ: ಗದಗ-ಬೆಟಗೇರಿ

ಹುಬ್ಬಳ್ಳಿಯಿಂದ ಗದಗಿಗೆ 60 ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಅವಳಿ ಊರು ಬೆಟಗೇರಿ ನೇಕಾರರದು. 1902ರಲ್ಲಿ ಬಾಸೆಲ್ ಮಿಶನ್ ಇಲ್ಲಿ ಆಸ್ಪತ್ರೆ ಆರಂಭಿಸಿತು. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿದ ಮೇಲೆ, ಕಾಲಕ್ರಮದಲ್ಲಿ, ಈ ಭಾಗದ ಹಳೆಯ ಮಿಶನ್ ಆಸ್ಪತ್ರೆಗಳು ಊರಿನ ಸಭೆಗಳ ಹೊಣೆಗೆ ಬಂದವು. ಕಟ್ಟಿಕೊಟ್ಟವರು ಹೋದ ಮೇಲೆ ನಡೆಸುವವರು ಯಾರು, ಔಷಧಿಗೆ, ಸಂಬಳಕ್ಕೆ ದುಡ್ಡು ಎಲ್ಲಿಂದ? ಎಲ್ಲ ಮಿಶನ್ ಆಸ್ಪತ್ರೆಗಳ ಮುಂದೆಯೂ ಈ ಪ್ರಶ್ನೆ ಇದ್ದೇ ಇದೆ.

ಹಳ್ಳಿಗಳಿಗೆ ಹೋಗಿ ಮಾಡುವ ಒಂದು ದಿನದ ಆರೋಗ್ಯ ಶಿಬಿರದ ಬಗ್ಗೆ ಇಲ್ಲಿ ನೇರವಾಗಿ ಮಾತಾಡಬೇಕು. ಶಾಮಿಯಾನ, ಮೈಕು, ಇನ್ನೂರು ಜನರ ಸಾಲು, ಬಿಪಿ ಹೆಚ್ಚಿದ್ದವರಿಗೆ ಹತ್ತು ದಿನದ ಮಾತ್ರೆ, ಸಂಜೆ ಗ್ರೂಪ್ ಫೋಟೊ. ಹನ್ನೊಂದನೆಯ ದಿನ? ಮಾತ್ರೆ ಮುಗಿಯಿತು. ‘ಮಾತ್ರೆ ತಗೊಂಡೆ, ವಾಸಿ ಆತು’ ಎಂದುಕೊಂಡ ಮನುಷ್ಯ ಮತ್ತೆ ಪರೀಕ್ಷೆಗೇ ಹೋಗುವುದಿಲ್ಲ. ಇಂಥ ಶಿಬಿರ ಮಾಡದಿರುವುದೇ ಲೇಸು.

ಮಾಡುವುದಾದರೆ ಜನ ಕಡಿಮೆ ಇರಲಿ, ಅರವತ್ತು ಸಾಕು. ಬಿಪಿ ನೋಡುವ ಮುಂಚೆ ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ, ಕಾಲು ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ. ಬಿಸಿಲಲ್ಲಿ ನಡೆದು ಬಂದು, ಸಾಲಿನಲ್ಲಿ ಜಗಳಾಡಿ, ಚಹಾ ಕುಡಿದು ಕೂತವರ ಬಿಪಿ ಏರಿಯೇ ಇರುತ್ತದೆ. ಒಂದೆರಡು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ. 140/90 ದಾಟಿದರೆ ಬೇರೊಂದು ದಿನ ಮತ್ತೆ ನೋಡದೆ ಕಾಯಿಲೆ ಎಂದು ಹೆಸರಿಡಬೇಡಿ. ತೀರ ಹೆಚ್ಚಿದ್ದು ತಲೆನೋವು, ಎದೆನೋವು, ಉಸಿರುಕಟ್ಟು ಇದ್ದರೆ ಆ ಕೂಡಲೇ ಆಸ್ಪತ್ರೆಗೆ, ಅದಕ್ಕೆ ಗಾಡಿ ಅಲ್ಲೇ ನಿಂತಿರಬೇಕು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಸಭೆ ಮಾತ್ರೆ ಹಂಚುವುದು ಬೇಕಿಲ್ಲ. ರೋಗಿಯನ್ನು ಆ ಕೇಂದ್ರಕ್ಕೆ ಮುಟ್ಟಿಸಿ, ಹೆಸರು ಬರೆಸಿ, ಮೂವತ್ತು ದಿನದ ಮೇಲೆ ಮನೆಗೆ ಹೋಗಿ ‘ಯಜಮಾನ್ರ, ಮಾತ್ರೆ ತಂದ್ರೇನ್ರಿ?’ ಎಂದು ಕೇಳುವ ಒಬ್ಬರು ಬೇಕು. ಆಶಾ ಕಾರ್ಯಕರ್ತೆಗೆ ಶಿಬಿರದ ಹಿಂದಿನ ದಿನವೇ ಹೇಳಿಟ್ಟರೆ ಈ ಕೊಂಡಿ ಸಲೀಸಾಗಿ ಕೂಡುತ್ತದೆ.

ಗದಗಿನಲ್ಲಿ ಕ್ರೈಸ್ತರು ತಲೆಬಾಗಿ ನೋಡಬೇಕಾದ ಜಾಗಗಳು ಇನ್ನೆರಡು. ಒಂದು ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು, ಕಣ್ಣಿಲ್ಲದ ಮಕ್ಕಳಿಗೆ ಅನ್ನವಿಕ್ಕಿ ಸಂಗೀತ ಕಲಿಸಿ ಸ್ವಂತ ಕಾಲ ಮೇಲೆ ನಿಲ್ಲಿಸಿದರು. ಇನ್ನೊಂದು ಹತ್ತಿರದ ಕಣಗಿನಹಾಳ. 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಊರು. ಹೊರಗಿನ ದುಡ್ಡಿಗೆ ಕೈಚಾಚದೆ ಊರಿನ ದುಡ್ಡನ್ನು ಊರಿಗೇ ಸಾಲ ಕೊಟ್ಟು ವಸೂಲು ಮಾಡುವ ಶಿಸ್ತನ್ನು ಮಿಶನ್ ಕಾಂಪೌಂಡುಗಳು ಇಂಥವರಿಂದ ಇನ್ನಷ್ಟು ಕಲಿತಿದ್ದರೆ ಚೆನ್ನಾಗಿತ್ತು.

ಸ್ವಂತ ದುಡ್ಡಿನ ಮಾತು ಬಂದಾಗ ಮಿಜೋರಾಮಿನ ಸಭೆಗಳ ಹಿಡಿ ಅಕ್ಕಿಯನ್ನು ನೆನೆಯಬೇಕು. ಪ್ರತಿ ಊಟಕ್ಕೆ ಅಕ್ಕಿ ಹಾಕುವಾಗ ಒಂದು ಹಿಡಿ ಬೇರೆ ಡಬ್ಬಿಗೆ. ನಮ್ಮ ಲೆಕ್ಕದಲ್ಲಿ ಹಿಡಿಗೆ 50 ಗ್ರಾಂ, ದಿನಕ್ಕೆ ಎರಡು ಹೊತ್ತು, ತಿಂಗಳಿಗೆ ಮನೆಗೆ 3 ಕಿಲೊ. 40 ಮನೆಯ ಸಣ್ಣ ಸಭೆಯಿಂದಲೂ 120 ಕಿಲೊ. ಬಿಜಾಪುರ, ಗದಗಿನ ಕಡೆ ಅಕ್ಕಿಯ ಬದಲು ಜೋಳ. ವಾರಕ್ಕೊಮ್ಮೆ ಡಬ್ಬಿ ಖಾಲಿ ಮಾಡಿ ತೂಗಿ ಬರೆಯಬೇಕು. ತಿಂಗಳುಗಟ್ಟಲೆ ಬಿಟ್ಟರೆ ಹುಳ ಬೀಳುತ್ತದೆ, ಹುಳ ಬಿದ್ದದ್ದನ್ನು ಬಡವರಿಗೆ ಕೊಡುವಂತಿಲ್ಲ.

ಆರನೆಯ ದಿನ: ಸುಮನಹಳ್ಳಿ

ರಾತ್ರಿ ರೈಲಿನಲ್ಲಿ ಬೆಂಗಳೂರು. ಮಾಗಡಿ ರಸ್ತೆಯಲ್ಲಿ ಹೊರವರ್ತುಲ ರಸ್ತೆ ಕೂಡುವಲ್ಲಿ ಬಸ್ ಕಂಡಕ್ಟರು ಕೂಗುವ ‘ಸುಮನಹಳ್ಳಿ’ ಒಂದು ಕಾಲಕ್ಕೆ ಊರಿನ ಹೆಸರಲ್ಲ. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಕಥೋಲಿಕ ಮಹಾಧರ್ಮಕ್ಷೇತ್ರ ಕುಷ್ಠರೋಗಿಗಳಿಗಾಗಿ ತೆರೆದ ಪುನರ್ವಸತಿ ಕೇಂದ್ರದ ಹೆಸರು. ಚರ್ಮದ ಕೆಲಸ, ಹೊಲಿಗೆಯಂಥ ಕಸುಬು ಕಲಿಸಿ ಜನರನ್ನು ಭಿಕ್ಷೆಯಿಂದ ಬಿಡಿಸಿದ ಜಾಗ. ಭೇಟಿಗೆ ಮೊದಲೇ ಅನುಮತಿ ಕೇಳಿ. ಫೋನು ಚೀಲದಲ್ಲೇ ಇರಲಿ, ಯಾರ ಮುಖದ, ಕೈಯ ಫೋಟೊವೂ ಬೇಡ.

ಕುಷ್ಠ ಈಗ ಗುಣವಾಗುವ ಕಾಯಿಲೆ. 1980ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಔಷಧಿ ಪದ್ಧತಿ ಶಿಫಾರಸು ಮಾಡಿತು. ಈಗ ರೋಗದ ಬಗೆ ನೋಡಿ ಆರು ಅಥವಾ ಹನ್ನೆರಡು ತಿಂಗಳ ಚಿಕಿತ್ಸೆ ಸಾಕು, ಅದೂ ಪುಕ್ಕಟೆ. 2005ರ ಕೊನೆಗೆ ಭಾರತದಲ್ಲಿ ರೋಗಿಗಳ ಪ್ರಮಾಣ 10,000 ಜನಕ್ಕೆ ಒಬ್ಬರಿಗಿಂತ ಕೆಳಗಿಳಿಯಿತು. ಎಷ್ಟೋ ಜನ ಅಲ್ಲಿಗೆ ಕಾಯಿಲೆಯೇ ಹೋಯಿತೆಂದು ತಿಳಿದರು. ಹೊಸ ರೋಗಿಗಳು ಈಗಲೂ ಬರುತ್ತಿದ್ದಾರೆ. ಗುಣವಾದವರ ಸತ್ತ ನರವಂತೂ ಮಾತ್ರೆಯಿಂದ ಮರಳುವುದಿಲ್ಲ. ಬೆರಳು ಕೊಳೆತು ಉದುರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಸ್ಪರ್ಶ ಹೋದ ಪಾದಕ್ಕೆ ಕಲ್ಲು ಚುಚ್ಚಿದ್ದು, ಕೆಂಡ ಸುಟ್ಟದ್ದು ಗೊತ್ತಾಗುವುದಿಲ್ಲ, ಅದರ ಮೇಲೆ ನಡೆಯುತ್ತಲೇ ಇರುತ್ತಾರೆ, ಗಾಯ ಎಲುಬಿಗೆ ಇಳಿಯುತ್ತದೆ. ಪಾದ ಹಾಳಾಗುವುದು ಹೀಗೆ. ಸಕ್ಕರೆ ಕಾಯಿಲೆ ಇರುವವರ ಪಾದಕ್ಕೆ ಆಗುವುದೂ ಇದೇ. ಹಾಗಾಗಿ ಇಲ್ಲಿ ಕಲಿತದ್ದು ನಿಮ್ಮ ಸಭೆಯ ಹತ್ತಾರು ಹಿರಿಯರಿಗೂ ಬೇಕಾಗುತ್ತದೆ.

ಮೊದಲು ಚಪ್ಪಲಿ ನೋಡಿ. ಒಳಗೆ ಮೆತ್ತನೆಯ ಎಂಸಿಆರ್ (ಮೈಕ್ರೊಸೆಲ್ಯುಲರ್) ರಬ್ಬರು, ಕೆಳಗೆ ಮುಳ್ಳು ತೂರದ ಗಟ್ಟಿ ತಳ, ಹಿಮ್ಮಡಿಗೆ ಹಿಂಪಟ್ಟಿ. ಮೊಳೆ ಹೊಡೆಯುವಂತಿಲ್ಲ, ಅಂಟು ಮತ್ತು ಹೊಲಿಗೆ ಮಾತ್ರ: ತಳ ಸವೆದಾಗ ಮೊಳೆ ಮೇಲೆದ್ದು ಚುಚ್ಚಿದರೂ ಪಾದಕ್ಕೆ ಅರಿವಿರುವುದಿಲ್ಲ. ದಾನಕ್ಕೆಂದು ಹವಾಯಿ ಚಪ್ಪಲಿ ಕೊಡುವವರೇ ಹೆಚ್ಚು. ಬೆರಳ ಸಂದಿಯ ಪಟ್ಟಿ ಹಿಡಿದಿಟ್ಟುಕೊಳ್ಳಲು ಸ್ಪರ್ಶ ಬೇಕು. ಇಲ್ಲದವರ ಕಾಲಿಂದ ಅದು ಜಾರುತ್ತದೆ, ಪಟ್ಟಿ ಉಜ್ಜಿ ಸಂದಿಯಲ್ಲೇ ಹುಣ್ಣಾಗುತ್ತದೆ. ಅಳತೆ ತೆಗೆಯುವಾಗ ನಿಲ್ಲಿಸಿ, ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಬೇಕು. ಓರೆ ಹಿಡಿದರೆ ಅಳತೆ ಕಿರಿದಾಗುತ್ತದೆ. ಹೊಸ ಚಪ್ಪಲಿ ಮೊದಲ ದಿನ ಎರಡು ಗಂಟೆ ಮಾತ್ರ, ಬಿಚ್ಚಿ ಎಲ್ಲಿ ಕೆಂಪಾಗಿದೆ ನೋಡಿ, ಅಲ್ಲಿ ಸಡಿಲಿಸಬೇಕು.

ಆಮೇಲೆ ಪಾದ. ಬೇಸಿನ್ನಿನಲ್ಲಿ ತಣ್ಣೀರು. ಬಿಸಿನೀರು ಖಂಡಿತ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ. ಇಪ್ಪತ್ತು ನಿಮಿಷ ನೆನೆಯಬೇಕು. ಐದು ನಿಮಿಷಕ್ಕೆ ತೆಗೆದರೆ ಮೇಲಿನ ಕೊಳೆ ಹೋಗುತ್ತದೆ, ಗಡಸು ಚರ್ಮ ಮೆತ್ತಗಾಗುವುದಿಲ್ಲ. ನೆನೆಯುವಷ್ಟು ಹೊತ್ತು ಮಾತಾಡುತ್ತಾ ಕೂರಿ, ಎದ್ದು ಓಡಾಡಬೇಡಿ. ಬಳಿಕ ಒರಟು ಕಲ್ಲಿನಿಂದ ಗಡಸು ಚರ್ಮವನ್ನು ಮೆಲ್ಲಗೆ ತಿಕ್ಕಿ ತೆಳುವಾಗಿಸಿ. ಅದು ದಪ್ಪಗಿದ್ದರೆ ಚಪ್ಪಲಿಯೊಳಗೆ ಕಲ್ಲಿದ್ದಂತೆ, ಅದರ ಅಡಿಯಲ್ಲೇ ಹುಣ್ಣು ಹುಟ್ಟುತ್ತದೆ. ಬ್ಲೇಡು ಮುಟ್ಟುವುದು ತರಬೇತಾದವರು ಮಾತ್ರ. ಬೆರಳ ಸಂದಿ ಒರೆಸಿ, ಉಳಿದ ಪಾದ ಇನ್ನೂ ತೇವವಿರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಿ. ಬೆವರ ಗ್ರಂಥಿಗಳೂ ಸತ್ತಿರುವುದರಿಂದ ಒಣಗಿದ ಮೇಲೆ ಹಚ್ಚಿದ ಎಣ್ಣೆ ಹಿಡಿದಿಡಲು ಒಳಗೆ ನೀರೇ ಇರುವುದಿಲ್ಲ, ಚರ್ಮ ಮತ್ತೆ ಬಿರಿಯುತ್ತದೆ. ಹುಣ್ಣು ಆಗಲೇ ಇದ್ದರೆ ಮುಲಾಮಿಗಿಂತ ದೊಡ್ಡ ಔಷಧಿ ಆ ಕಾಲನ್ನು ನೆಲಕ್ಕೆ ಊರದಿರುವುದು. ಕೂಲಿಗೆ ಹೋಗುವವರಿಗೆ ಅದನ್ನು ಹೇಳುವ ಮುಂಚೆ ಆರು ವಾರ ಆ ಮನೆಯ ದಿನಸಿ ಯಾರ ಹೊಣೆ ಎಂದು ಸಭೆ ತೀರ್ಮಾನಿಸಿರಬೇಕು.

ಯೋಹಾನ 13ರಲ್ಲಿ ಯೇಸು ಸೊಂಟಕ್ಕೆ ಟವೆಲ್ಲು ಕಟ್ಟಿ ಬೋಗುಣಿಗೆ ನೀರು ಹೊಯ್ದು ಶಿಷ್ಯರ ಪಾದ ತೊಳೆದರು. ಪವಿತ್ರ ಗುರುವಾರ ನಮ್ಮ ಅನೇಕ ಚರ್ಚುಗಳಲ್ಲಿ ಹನ್ನೆರಡು ಜನರನ್ನು ಕೂರಿಸಿ ಗುರುಗಳು ಪಾದ ತೊಳೆಯುತ್ತಾರೆ. ಆ ಹನ್ನೆರಡು ಜನ ಮನೆಯಲ್ಲೇ ತೊಳೆದುಕೊಂಡು ಬಂದಿರುತ್ತಾರೆ. ಆ ವಿಧಿ ಪವಿತ್ರವೇ. ಅದೇ ನೀರು, ಅದೇ ಟವೆಲ್ಲು ಇಲ್ಲೂ ಇದೆ, ಇಲ್ಲಿ ಪಾದ ದಿನಾ ತೊಳೆಯಬೇಕು ಅಷ್ಟೇ. ತೊಳೆಸಿಕೊಳ್ಳುವವರೇ ಅದನ್ನು ಕಲಿತು ತಮ್ಮ ಪಾದ ತಾವೇ ನೋಡಿಕೊಳ್ಳುವಂತೆ ಮಾಡಬೇಕು. ಬಗ್ಗಿ ಅಂಗಾಲು ನೋಡಲಾಗದವರಿಗೆ ನೆಲದ ಮೇಲಿಡುವ ಚಿಕ್ಕ ಕನ್ನಡಿ ಕೊಡಿ.

ಪ್ರತಿಯೊಬ್ಬರಿಗೂ ಹೊಸ ನೀರು. ಎಣ್ಣೆ ಹಚ್ಚಿ ಚಪ್ಪಲಿ ತೊಡಿಸಿದ ಮೇಲೆ ಪಾದದ ಚಿತ್ರದಲ್ಲಿ ಗಾಯವಿರುವ ಕಡೆ ಗುರುತು ಹಾಕಿ, ಅಗಲ ಎಷ್ಟು ಮಿಲಿಮೀಟರ್ ಎಂದು ಬರೆಯಿರಿ. ಅದರ ಕೆಳಗೆ ಮುಂದಿನ ಭೇಟಿಯ ತಾರೀಖು, ಬರುವವರ ಹೆಸರು. ಆ ಪುಸ್ತಕ ಅವರ ಹತ್ತಿರವೇ ಇರಲಿ.